ಮನೆ ರಿಪೇರಿಗೆ ನ್ಯಾಯವಾದ ಕೂಲಿ: ಕರೆಯುವುದರಿಂದ ದುಡ್ಡು ಕೊಡುವವರೆಗೆ

ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಎರಡಡಿ ಮೇಲೆ, ಬಣ್ಣ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಗೋಡೆಯ ಆ ಕಡೆ ಬಚ್ಚಲುಮನೆ. ಮೈಸೂರಿನ ಕುವೆಂಪುನಗರದಲ್ಲಿ ಮೂವತ್ತು ವರ್ಷದ ಹಳೆಯ ಮನೆ, ಪೈಪೆಲ್ಲ ಗೋಡೆಯೊಳಗೆ. ಮೊದಲು ಬಂದ ಹುಡುಗ 400 ರೂಪಾಯಿಗೆ ಒಪ್ಪಿಕೊಂಡ. ಬಂದವನೇ ಉಳಿ, ಸುತ್ತಿಗೆ ತೆಗೆದ. ಮೂರು ಕಡೆ ಟೈಲ್ಸ್ ಒಡೆದ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲಿಲ್ಲ. "ಪೂರ್ತಿ ಲೈನ್ ಹೊಸದು ಮಾಡ್ಬೇಕು ಮೇಡಂ" ಅಂತ ಹೇಳಿ ಹೋದ.

ಎರಡನೆಯವರು ವಯಸ್ಸಾದವರು. ಗೋಡೆ ಮುಟ್ಟಲೇ ಇಲ್ಲ. "ಬಿಸಿನೀರು ಬಿಟ್ಟ ದಿನ ಜಾಸ್ತಿ ಒದ್ದೆ ಆಗುತ್ತಾ, ದಿನಾ ಹಂಗೇ ಇರುತ್ತಾ?" ಅಂತ ಕೇಳಿದರು. ನಾನು ಗಮನಿಸಿರಲಿಲ್ಲ. ಅವರು ಷವರ್ ಮತ್ತು ನಲ್ಲಿ ಬಿಚ್ಚಿ, ಬಾಯಿಗಳಿಗೆ ಪ್ಲಗ್ ಹಾಕಿದರು. ಒಂದು ಕೈಪಂಪ್ ಜೋಡಿಸಿ ತಣ್ಣೀರಿನ ಲೈನಿಗೆ ಒತ್ತಡ ಕೊಟ್ಟು, ಗೇಜಿನ ಮುಳ್ಳನ್ನೇ ನೋಡುತ್ತಾ ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತರು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಗೀಸರ್‌ನಿಂದ ಬರುವ ಬಿಸಿನೀರಿನ ಲೈನಿಗೆ ಹಾಕಿದರು. ಮುಳ್ಳು ಮೆಲ್ಲಗೆ ಇಳಿಯಿತು. ಅಂಗೈ ಇಟ್ಟು, ಕಿವಿ ಇಟ್ಟು, ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿದರು. ಒಂದೇ ಟೈಲ್ ತೆಗೆದರು. ಅದರ ಹಿಂದೆಯೇ ಸೀಳಿದ ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜಾಯಿಂಟು, ಇತ್ತು.

ಒಟ್ಟು ಎರಡೂವರೆ ಗಂಟೆ. ಸಾಮಾನು ಬಿಟ್ಟು 1,800 ರೂಪಾಯಿ ಕೇಳಿದರು. ನಮ್ಮ ಮಾವನವರು ಒಳಗಿನಿಂದಲೇ "ಎರಡು ಗಂಟೆ ಕೆಲಸಕ್ಕೆ ಅಷ್ಟೊಂದಾ?" ಅಂದರು. ನಾನು ಪೂರ್ತಿ ಕೊಟ್ಟೆ. ಆ ಹುಡುಗ ಒಡೆದಿದ್ದ ಮೂರು ಟೈಲ್ಸ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಪಟ್ಟಿ ಪೂರ್ತಿ ತೆಗೆದು ಬೇರೆ ಹಾಕಿಸಲು 7,000 ಖರ್ಚಾಯಿತು. ನಮ್ಮ ಮನೆಯಲ್ಲಿ ಅತಿ ದುಬಾರಿ ಬಿದ್ದದ್ದು ಆ 400 ರೂಪಾಯಿಯ ಕೆಲಸ.

ಅವತ್ತಿನಿಂದ ನಾನು ರಿಪೇರಿಗೆ ಜನರನ್ನು ಕರೆಯುವ ರೀತಿಯನ್ನೇ ಬದಲಾಯಿಸಿಕೊಂಡೆ. ನುರಿತ ಕೈಗೆ ನ್ಯಾಯವಾಗಿ ಎಷ್ಟು ಕೊಡಬೇಕು, ಅದನ್ನು ಹೇಗೆ ಮಾತಾಡಬೇಕು, ಯಾವಾಗ ಕೊಡಬೇಕು ಅನ್ನುವುದನ್ನು ಒಂದೊಂದಾಗಿ ಬರೆಯುತ್ತೇನೆ.

ಹೆಜ್ಜೆ 1: ಕರೆಯುವ ಮೊದಲು ನೀವೇ ನೋಡಿ

"ಬಾತ್‌ರೂಮಲ್ಲಿ ಏನೋ ಲೀಕ್" ಅಂತ ಫೋನ್ ಮಾಡಿದರೆ ಯಾರಿಗೂ ದರ ಹೇಳಲು ಆಗುವುದಿಲ್ಲ. ಹೇಳಿದರೂ ಅದು ಅಂದಾಜು. ಆಮೇಲೆ ಜಗಳ ಶುರುವಾಗುವುದು ಅಲ್ಲಿಂದಲೇ.

ನೀರಿನ ತೊಂದರೆ ಆದರೆ ರಾತ್ರಿ ಮಲಗುವಾಗ ಮೋಟರ್ ಆಫ್ ಮಾಡಿ, ನಲ್ಲಿಗಳನ್ನೆಲ್ಲ ನಿಲ್ಲಿಸಿ, ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಎಲ್ಲಿವರೆಗೆ ಇದೆ ಅಂತ ಗುರುತು ಹಾಕಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಟ್ಯಾಂಕಿನಿಂದ ಕೆಳಗೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕ್ ಒಳಗೊಳಗೇ ಹರಿಯುತ್ತಿದ್ದರೂ ಹೀಗಾಗುತ್ತದೆ, ಅದನ್ನೂ ನೋಡಿ. ಬಿಸಿನೀರು ಬಳಸಿದ ದಿನ ಒದ್ದೆ ಜಾಸ್ತಿಯೋ, ಮಳೆ ಬಂದ ದಿನ ಜಾಸ್ತಿಯೋ ಗಮನಿಸಿ. ಮಳೆ ದಿನ ಮಾತ್ರ ಆದರೆ ನಿಮಗೆ ಬೇಕಾಗಿರುವುದು ಪ್ಲಂಬರ್ ಅಲ್ಲ, ತಾರಸಿ ಅಥವಾ ಹೊರಗೋಡೆ ನೋಡುವ ಗಾರೆ ಮೇಸ್ತ್ರಿ.

ಕರೆಂಟಿನ ತೊಂದರೆ ಆದರೆ ಯಾವ ಸ್ವಿಚ್ ಬೀಳುತ್ತಿದೆ ನೋಡಿ. ಒಂದು ಲೈನಿಗೆ ಮಾತ್ರ ಇರುವ ಎಂಸಿಬಿಯೋ, ಕರೆಂಟ್ ಸೋರಿದರೆ ಇಡೀ ಮನೆ ಆರಿಸುವ ಆರ್‌ಸಿಸಿಬಿಯೋ? ಆಗ ಏನು ಓಡುತ್ತಿತ್ತು, ಮಿಕ್ಸಿಯೋ, ಗೀಸರೋ, ಇಸ್ತ್ರಿ ಪೆಟ್ಟಿಗೆಯೋ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಎರಡು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಬರುವವರು ಬೇಕಾದ ಸಾಮಾನು ಹೊತ್ತುಕೊಂಡೇ ಬರುತ್ತಾರೆ. ಅವರಿಗೆ ಒಂದು ಓಡಾಟ ಉಳಿಯುತ್ತದೆ, ನಿಮಗೆ ದುಡ್ಡು ಉಳಿಯುತ್ತದೆ.

ಹೆಜ್ಜೆ 2: ಕೆಲಸಕ್ಕೆ ತಕ್ಕ ಕೈ ಹುಡುಕಿ

ಎಲ್ಲ ಕೆಲಸಕ್ಕೂ ಮೂವತ್ತು ವರ್ಷದ ಅನುಭವ ಬೇಕಿಲ್ಲ. ನಲ್ಲಿಗೆ ವಾಷರ್ ಹಾಕುವುದು, ಫ್ಯಾನ್ ರೆಗ್ಯುಲೇಟರ್ ಬದಲಾಯಿಸುವುದು, ಬಾಗಿಲ ಚಿಲಕ ಹಾಕುವುದು, ಇದನ್ನೆಲ್ಲ ಕಲಿಯುತ್ತಿರುವ ಹುಡುಗರೂ ಚೆನ್ನಾಗಿ ಮಾಡುತ್ತಾರೆ. ಅವರಿಗೂ ಕೆಲಸ ಸಿಗಬೇಕು, ಕೈ ಪಳಗಬೇಕು, ಅಲ್ವಾ? ಆದರೆ ಕಾರಣ ಗೊತ್ತಿಲ್ಲದ ತೊಂದರೆಗೆ, ಗೋಡೆಯೊಳಗಿನ ಪೈಪಿಗೆ, ಮೇನ್ ಬೋರ್ಡಿಗೆ, ಬಿರುಕು ಬಿಟ್ಟ ಗೋಡೆಗೆ ಪಳಗಿದವರನ್ನೇ ಕರೆಯಿರಿ.

ಪಳಗಿದವರನ್ನು ಗುರುತಿಸುವುದು ಹೇಗೆ? ಅಕ್ಕಪಕ್ಕದವರ ಹತ್ತಿರ "ಯಾರು ಚೆನ್ನಾಗಿ ಮಾಡ್ತಾರೆ" ಅಂತ ಕೇಳಿದರೆ ಸಾಲದು. "ಅವರು ಎರಡು ವರ್ಷದ ಹಿಂದೆ ಮಾಡಿದ ಕೆಲಸ ಈಗ ಹೇಗಿದೆ" ಅಂತ ಕೇಳಿ. ಮನೆಗೆ ಬಂದಾಗ ಮೊದಲ ಐದು ನಿಮಿಷ ಏನು ಮಾಡುತ್ತಾರೆ ನೋಡಿ. ನುರಿತವರು ಮೊದಲು ಪ್ರಶ್ನೆ ಕೇಳುತ್ತಾರೆ. ನೀರು ನಿಲ್ಲಿಸುವ ಗೇಟ್ ವಾಲ್ವ್ ಎಲ್ಲಿದೆ ಅಂತ ವಿಚಾರಿಸುತ್ತಾರೆ. ಎಲೆಕ್ಟ್ರಿಷಿಯನ್ ಆದರೆ ಮೇನ್ ಆಫ್ ಮಾಡುವ ಮೊದಲು, ಕರೆಂಟ್ ಇರುವ ಒಂದು ಪಾಯಿಂಟಿನಲ್ಲಿ ಟೆಸ್ಟರ್ ಇಟ್ಟು ಟೆಸ್ಟರ್ ಸರಿಯಿದೆಯಾ ಅಂತ ನೋಡುತ್ತಾರೆ. ಆಫ್ ಮಾಡಿದ ಮೇಲೆ ಕೆಲಸ ಮಾಡುವ ಜಾಗದಲ್ಲಿ ಮತ್ತೆ ನೋಡುತ್ತಾರೆ. ಇದು ಸಣ್ಣ ವಿಷಯ. ಆದರೆ ಇದನ್ನು ಮಾಡುವವರ ಕೈಯಲ್ಲಿ ನಾನು ಧೈರ್ಯವಾಗಿ ಮನೆ ಬಿಟ್ಟುಕೊಡುತ್ತೇನೆ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸ್ ಎರಡು ವರ್ಷದ್ದು. ವೈರಿಂಗ್ ಮಾಡುವವರಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಪರ್ಮಿಟ್ ಕೊಡುತ್ತದೆ. ಮನೆಯ ವೈರಿಂಗ್ ಪೂರ್ತಿ ಬದಲಾಯಿಸುವಂಥ ದೊಡ್ಡ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಹೋಗಿ. ಪ್ಲಂಬಿಂಗ್, ಗಾರೆ, ಮರಗೆಲಸದಲ್ಲಿ ಮಾತ್ರ ಬಹಳಷ್ಟು ಒಳ್ಳೆಯ ಕೈಗಳು ಕಾಗದ ಇಲ್ಲದವು. ತಂದೆಯ ಜೊತೆ, ಮೇಸ್ತ್ರಿಯ ಜೊತೆ ಹೆಲ್ಪರ್ ಆಗಿ ಓಡಾಡಿ ಕಲಿತವರು. ಸರ್ಟಿಫಿಕೇಟ್ ಇಲ್ಲ ಅನ್ನುವುದನ್ನು ಕೂಲಿ ಕಡಿಮೆ ಮಾಡಲು ನೆಪ ಮಾಡಿಕೊಳ್ಳಬೇಡಿ.

ಹೆಜ್ಜೆ 3: ಕೂಲಿಯ ಲೆಕ್ಕ ನೀವೇ ಒಂದು ಸಲ ಹಾಕಿ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಾವು ನೋಡುವುದು ನಮ್ಮ ಮನೆಯಲ್ಲಿ ಕಳೆದ ಎರಡು ಗಂಟೆಯನ್ನು ಮಾತ್ರ. ಅವರ ದಿನ ಹೇಗಿರುತ್ತದೆ ಅಂತ ನೋಡುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿರುವ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನು ಇಟ್ಟುಕೊಂಡವು, ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಒಬ್ಬ ನುರಿತ ಪ್ಲಂಬರ್ ಮನೆ ಬಾಡಿಗೆ, ಮಕ್ಕಳ ಫೀಸು, ದಿನಸಿ, ಔಷಧಿ ಎಲ್ಲ ಸೇರಿ ತಿಂಗಳಿಗೆ 30,000 ದುಡಿಯಬೇಕು ಅಂತಿಟ್ಟುಕೊಳ್ಳಿ. ಗಾಡಿಯ ಪೆಟ್ರೋಲು, ಫೋನು 3,000. ಡ್ರಿಲ್ಲಿಂಗ್ ಮೆಷಿನ್, ಟೈಲ್ಸ್ ಕಟರ್, ಅದರ ಬ್ಲೇಡು, ಪೈಪ್ ರೆಂಚು, ಸವೆದು ಹೋಗುವ ಬಿಟ್ಟುಗಳು, ಇದಕ್ಕೆಲ್ಲ ತಿಂಗಳಿಗೆ 2,000 ಎತ್ತಿಡಬೇಕು. ಒಟ್ಟು 35,000.

ತಿಂಗಳಿಗೆ ಮೂವತ್ತು ದಿನವೂ ಕೆಲಸ ಇರುವುದಿಲ್ಲ. ಭಾನುವಾರ, ಹಬ್ಬ, ಜ್ವರ, ಊರಿನ ಜಾತ್ರೆ, ಮಳೆ, ಸುಮ್ನೆ ಫೋನ್ ಬಾರದ ದಿನಗಳು. 22 ದಿನ ಕೆಲಸ ಸಿಕ್ಕರೆ ದಿನಕ್ಕೆ ಸುಮಾರು 1,590 ರೂಪಾಯಿ ಆಗಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ, ನಡುವೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು, ದಿನಕ್ಕೆ ಎರಡು ಮನೆ ಮುಗಿಸಿದರೆ ಮನೆಗೆ ಸುಮಾರು 800. ಜೊತೆಗೆ 600 ರೂಪಾಯಿಯ ಹೆಲ್ಪರ್ ಇದ್ದರೆ ಮನೆಗೆ 1,100ರ ಹತ್ತಿರ. ಇದರಲ್ಲಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸಂಬಳ ಸಹಿತ ರಜೆ ಇಲ್ಲ. ಕೈಗೆ ಪೆಟ್ಟಾದರೆ ಎರಡು ವಾರ ಆದಾಯವೇ ಇಲ್ಲ.

ಈ ಲೆಕ್ಕ ಹಾಕಿದ ಮೇಲೆ "ಅರ್ಧ ಗಂಟೆಗೆ 800ಆ?" ಅನ್ನುವ ಮಾತು ನನ್ನ ಬಾಯಿಗೆ ಬರುವುದು ನಿಂತಿತು. ಆ ಅರ್ಧ ಗಂಟೆ ಅವರ ದಿನದ ಅರ್ಧ ಭಾಗ.

ಇಷ್ಟು ಆದದ್ದು ಬರೀ ದಿನದ ಖರ್ಚು. ಅನುಭವಕ್ಕೆ ಇದರ ಮೇಲೆ ಕೊಡಬೇಕು. ನಿಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ ಅಲ್ಲಿ ಮೇಸ್ತ್ರಿಗೆ, ಹೆಲ್ಪರ್‌ಗೆ ದಿನಕ್ಕೆ ಎಷ್ಟು ನಡೆಯುತ್ತಿದೆ ಅಂತ ಕೇಳಿ. ಅದು ತಳಪಾಯದ ದರ. ಆದರೆ ಅಲ್ಲಿ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕೆಲಸ ಗ್ಯಾರಂಟಿ. ಹಳೆ ಮನೆಯ ರಿಪೇರಿಯಲ್ಲಿ ಹಾಗಿಲ್ಲ. ಬೇರೆಯವರು ಹಾಕಿದ ಪೈಪು, ಯಾರೂ ನಕ್ಷೆ ಇಡದ ವೈರು, ಒಡೆದರೆ ಸಿಗದ ಟೈಲ್ಸು. ಹೊಸ ಕಟ್ಟಡದ ದಿನಗೂಲಿಗಿಂತ ರಿಪೇರಿಯ ಕೂಲಿ ಜಾಸ್ತಿ ಇರುವುದು ಸರಿಯೇ.

ಹೆಜ್ಜೆ 4: "ನೀವೇ ನೋಡಿ ಕೊಡಿ" ಅಂದಾಗ

ನಮ್ಮ ಕಡೆ ಈ ಮಾತು ಕೇಳದವರಿಲ್ಲ. "ಎಷ್ಟಾಗುತ್ತೆ?" ಅಂದರೆ "ನೀವೇ ನೋಡಿ ಕೊಡಿ ಅಮ್ಮ" ಅನ್ನುತ್ತಾರೆ. ಮೊದಲೆಲ್ಲ ನನಗೆ ಇದು ಅನುಕೂಲ ಅನ್ನಿಸುತ್ತಿತ್ತು. ನನಗೆ ತೋಚಿದಷ್ಟು ಕೊಡಬಹುದಲ್ಲ! ಆಮೇಲೆ ಒಬ್ಬ ಪೇಂಟರ್ ಅಣ್ಣ ಬಿಡಿಸಿ ಹೇಳಿದರು. "ಜಾಸ್ತಿ ಹೇಳಿದ್ರೆ ಕೆಲ್ಸ ಹೋಗುತ್ತೆ, ಕಮ್ಮಿ ಹೇಳಿದ್ರೆ ಹೊಟ್ಟೆ ಹೋಗುತ್ತೆ. ಅದಕ್ಕೇ ನಿಮ್ಮ ಮೇಲೆ ಬಿಡ್ತೀವಿ." ಅದು ಉದಾರತೆಯಿಂದ ಬಂದ ಮಾತಲ್ಲ, ಭಯದಿಂದ ಬಂದದ್ದು.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಮಾತು ಮುಗಿಸಿ. ನಾನು ಹೇಳುವುದು ಹೀಗೆ: "ಇಲ್ಲ ಅಣ್ಣ, ನೀವೇ ಹೇಳಿ. ನಿಮ್ಮ ಕೂಲಿ ಎಷ್ಟು, ಹೆಲ್ಪರ್‌ದು ಎಷ್ಟು, ಸಾಮಾನು ಎಷ್ಟು, ಬೇರೆ ಬೇರೆ ಹೇಳಿ. ನನಗೆ ಕಷ್ಟ ಆದ್ರೆ ಹೇಳ್ತೀನಿ." ಹೀಗೆ ಅಂದರೆ ಹೆಚ್ಚಿನವರು ಸರಿಯಾದ ದರವನ್ನೇ ಹೇಳುತ್ತಾರೆ. ಹೇಳಿದ್ದು ನಿಮ್ಮ ಲೆಕ್ಕಕ್ಕಿಂತ ತೀರಾ ಕಡಿಮೆ ಇದ್ದರೆ ಸುಮ್ಮನಿರಬೇಡಿ. "ಎರಡು ಹೊತ್ತು ಆಗುತ್ತಲ್ಲ, ಸಾಕಾ?" ಅಂತ ಕೇಳಿ.

ಯಾವ ಬಗೆಯ ಲೆಕ್ಕ ಅನ್ನುವುದೂ ಮುಖ್ಯ. ಏನು ಮಾಡಬೇಕು ಅಂತ ಸ್ಪಷ್ಟವಾಗಿದ್ದರೆ ಗುತ್ತಿಗೆ ಒಳ್ಳೆಯದು. ಎರಡು ರೂಮಿಗೆ ಬಣ್ಣ, ಒಂದು ಬಾತ್‌ರೂಮಿಗೆ ಟೈಲ್ಸ್, ಇಂಥವು. ಬಣ್ಣ, ಟೈಲ್ಸ್‌ಗೆ ಚದರ ಅಡಿ ಲೆಕ್ಕ ನಡೆಯುತ್ತದೆ. ಬಾಗಿಲು, ಕಿಟಕಿಯ ಜಾಗ ಕಳೆಯುತ್ತಾರಾ, ಪುಟ್ಟಿ, ಪ್ರೈಮರ್ ಸೇರಿದೆಯಾ, ಎಷ್ಟು ಕೋಟ್ ಅಂತ ಮೊದಲೇ ಕೇಳಿ. ಗೋಡೆ ಒಡೆದ ಮೇಲೆ ಏನು ಸಿಗುತ್ತದೋ ಗೊತ್ತಿಲ್ಲದ ಕೆಲಸವನ್ನು ಗುತ್ತಿಗೆಗೆ ಕೊಡಬೇಡಿ. ಅವರು ನಷ್ಟದ ಭಯಕ್ಕೆ ಜಾಸ್ತಿ ಹೇಳುತ್ತಾರೆ, ಇಲ್ಲವೇ ಒಪ್ಪಿಕೊಂಡು ನಡುವೆ ಅವಸರ ಮಾಡುತ್ತಾರೆ. ಅಲ್ಲಿ ದಿನಗೂಲಿ ಸರಿ.

ಮೂರನೆಯದು, ನಾವು ಹೆಚ್ಚಾಗಿ ಕೊಡದೇ ಇರುವುದು: ಬಂದು ನೋಡಿ ಹೇಳಿದ್ದಕ್ಕೆ ಕೊಡುವ ದುಡ್ಡು. ಡಾಕ್ಟರ್ ಹತ್ತಿರ ಹೋದರೆ ಔಷಧಿ ತಗೊಳ್ಳಲಿ ಬಿಡಲಿ ಫೀಸು ಕೊಡುತ್ತೇವೆ. ಅರ್ಧ ಗಂಟೆ ಹುಡುಕಿ ತೊಂದರೆ ಇಂಥ ಕಡೆ ಇದೆ ಅಂತ ತೋರಿಸಿದ ಎಲೆಕ್ಟ್ರಿಷಿಯನ್‌ಗೆ ಮಾತ್ರ "ಸರಿ, ಆಮೇಲೆ ಫೋನ್ ಮಾಡ್ತೀವಿ" ಅಂತ ಕಳಿಸುತ್ತೇವೆ.

ಹುಡುಕುವುದೇ ಎಷ್ಟು ದೊಡ್ಡ ಕೆಲಸ ಅಂತ ನನಗೆ ಅರ್ಥವಾದದ್ದು ಎದುರು ಮನೆಯಲ್ಲಿ. ಮಳೆ ಬಂದಾಗಲೆಲ್ಲ ಅವರ ಆರ್‌ಸಿಸಿಬಿ ಬೀಳುತ್ತಿತ್ತು. ಒಬ್ಬರು ಬಂದು ಆರ್‌ಸಿಸಿಬಿಯನ್ನೇ ಹೊಸದು ಹಾಕಿದರು. ಮತ್ತೆ ಬಿತ್ತು. ಇನ್ನೊಬ್ಬರು "ಡೈರೆಕ್ಟ್ ಮಾಡಿಬಿಡ್ತೀನಿ, ಬೀಳಲ್ಲ" ಅಂದರಂತೆ. ದಯವಿಟ್ಟು ಇದಕ್ಕೆ ಯಾವತ್ತೂ ಒಪ್ಪಬೇಡಿ. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೀಳುವುದೇ ಕರೆಂಟ್ ಎಲ್ಲೋ ಸೋರುತ್ತಿದೆ ಅಂತ ಹೇಳಲು. ಅದನ್ನು ತಪ್ಪಿಸಿದರೆ ಆ ಸೋರಿಕೆ ಮನುಷ್ಯರ ಮೈಮೇಲೆ ಹೋಗಬಹುದು. ಮೂರನೆಯವರು ಬೋರ್ಡ್ ಬಿಚ್ಚಿ, ಒಂದೊಂದೇ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬಿಡಿಸುತ್ತಾ ಹೋದರು. ಗೇಟಿನ ದೀಪದ ಲೈನ್ ಬಿಡಿಸಿದ ಕೂಡಲೇ ಆರ್‌ಸಿಸಿಬಿ ಬೀಳದೆ ನಿಂತಿತು. ಗೇಟಿನ ಕಂಬದೊಳಗೆ ವೈರಿನ ಜಾಯಿಂಟು ನೀರಿನಲ್ಲಿ ನೆನೆದಿತ್ತು. ಜಾಯಿಂಟ್ ಸರಿಮಾಡಲು ಹತ್ತು ನಿಮಿಷ, ಹುಡುಕಲು ಒಂದು ಗಂಟೆ. ದುಡ್ಡು ಕೊಡಬೇಕಾದದ್ದು ಆ ಒಂದು ಗಂಟೆಗೆ.

ಫೋನಿನಲ್ಲೇ ಕೇಳಿಬಿಡಿ: "ಬಂದು ನೋಡೋದಕ್ಕೆ ಎಷ್ಟು ಅಣ್ಣ? ಕೆಲಸ ಕೊಟ್ಟರೆ ಅದರಲ್ಲಿ ಕಳೀತೀರಾ?" ಮಾತು ಮುಗಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಹಾಕಿ. ನಾನು ಹಾಕುವುದು ಹೀಗಿರುತ್ತದೆ:

"ಅಣ್ಣ, ನಾವು ಮಾತಾಡಿದ್ದು: ಮೇಲಿನ ಬಾತ್‌ರೂಮಿನ ಬಿಸಿನೀರಿನ ಲೈನ್ ಹೊಸದು, ಬಿಸಿ ತಡೆಯುವ ಸಿಪಿವಿಸಿ ಪೈಪು. ಕೂಲಿ 3,500, ಹೆಲ್ಪರ್ ಸೇರಿ. ಸಾಮಾನು ಬಿಲ್ ಪ್ರಕಾರ ನಾವು ಕೊಡುತ್ತೇವೆ. ಒಡೆದ ಕಡೆ ಪ್ಲಾಸ್ಟರ್ ನಿಮ್ಮದು, ಟೈಲ್ಸ್ ಬೇರೆಯವರು. ಮಣ್ಣು, ಕಲ್ಲು ಚೀಲಕ್ಕೆ ತುಂಬಿ ಗೇಟಿನ ಹತ್ತಿರ ಇಡಬೇಕು. ಗುರುವಾರ, ಶುಕ್ರವಾರ ಎರಡು ದಿನ."

ಒಡೆದ ಮಣ್ಣನ್ನು ಯಾರು ಸಾಗಿಸಬೇಕು ಅನ್ನುವ ವಿಷಯದಲ್ಲಿ ಆಗುವಷ್ಟು ಮನಸ್ತಾಪ ಕೂಲಿಯ ವಿಷಯದಲ್ಲೂ ಆಗುವುದಿಲ್ಲ. ಅದನ್ನು ಮರೆಯದೆ ಬರೆಯಿರಿ. ಓದಲು ಬಾರದವರಾದರೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ.

ಹೆಜ್ಜೆ 5: ಸಾಮಾನಿನ ವಿಷಯ ಬಿಚ್ಚಿ ಮಾತಾಡಿ

ಹಾರ್ಡ್‌ವೇರ್ ಅಂಗಡಿಯಲ್ಲಿ 1,400 ರೂಪಾಯಿಯ ನಲ್ಲಿಗೆ ಮರು ಮಾತಿಲ್ಲದೆ ಕೊಟ್ಟು ಬರುತ್ತೇವೆ. ಅದನ್ನು ಕೂರಿಸುವವರ 300 ರೂಪಾಯಿಗೆ 50 ಕಡಿಮೆ ಮಾಡಿ ಅನ್ನುತ್ತೇವೆ. ನಾನೂ ಹೀಗೆ ಮಾಡಿದವಳೇ.

ಇದರ ಪರಿಣಾಮ ಏನಾಗುತ್ತದೆ ಗೊತ್ತಾ? ಕೂಲಿಯಲ್ಲಿ ಸಿಗದ ದುಡ್ಡು ಸಾಮಾನಿನಿಂದ ಹೊರಡುತ್ತದೆ. ಎಷ್ಟೋ ಅಂಗಡಿಗಳು ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡುತ್ತವೆ. ಬಣ್ಣದ ಡಬ್ಬಿಯೊಳಗೆ ಪೇಂಟರ್‌ಗೆ ಅಂತಲೇ ಟೋಕನ್ ಇಡುವುದು ಹಳೆಯ ಪದ್ಧತಿ. ಈಗ ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಆ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಆದರೆ ಕೂಲಿ ಹಿಂಡಿದಷ್ಟೂ ಬೇಕಿಲ್ಲದ ಸಾಮಾನು ಪಟ್ಟಿಗೆ ಸೇರುತ್ತದೆ, ಜಾಸ್ತಿ ಕಮಿಷನ್ ಇರುವ ಬ್ರ್ಯಾಂಡ್ ಮನೆಗೆ ಬರುತ್ತದೆ. ಕೂಲಿ ಸರಿಯಾಗಿ ಕೊಡುವ ಮನೆಯಲ್ಲಿ ಅವರೇ "ಇದು ಬೇಡ ಅಮ್ಮ, ಹಳೇದೇ ನಡೆಯುತ್ತೆ, ವಾಷರ್ ಹಾಕಿದ್ರೆ ಸಾಕು" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇದು ಎಷ್ಟು ಸಲ ಆಗಿದೆಯೋ!

ಸಾಮಾನು ನೀವೇ ತರುವುದಾದರೆ ಪಟ್ಟಿ ಅವರಿಂದಲೇ ಬರೆಸಿಕೊಳ್ಳಿ, ಅಳತೆ ಸಮೇತ. ವೈರು ಆದರೆ ಐಎಸ್‌ಐ ಗುರುತು ನೋಡಿ. ಸಾಮಾನ್ಯವಾಗಿ ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಹಾಕುತ್ತಾರೆ. ಇದಕ್ಕಿಂತ ತೆಳ್ಳಗಿನದು ತಂದು ದುಡ್ಡು ಉಳಿಸಲು ಹೋಗಬೇಡಿ. ಬಿಸಿನೀರಿಗೆ ಸಾದಾ ಪಿವಿಸಿ ಪೈಪು ನಡೆಯುವುದಿಲ್ಲ, ಸಿಪಿವಿಸಿ ಬೇಕು. ಅಗ್ಗದ ನಲ್ಲಿ ನೀವೇ ತಂದು ಆರು ತಿಂಗಳಿಗೆ ಸೋರಿದರೆ ಪ್ಲಂಬರ್ ಮೇಲೆ ಹಾಕಬೇಡಿ.

ಅವರೇ ತಂದರೆ ಬಿಲ್ ಕೇಳಿ. ಜೊತೆಗೆ ಅಂಗಡಿಗೆ ಓಡಾಡಿದ ಹೊತ್ತಿಗೂ ಪೆಟ್ರೋಲಿಗೂ ಇಷ್ಟು ಅಂತ ಸೇರಿಸಿ ಕೊಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾರಿಗೂ ಬೇಜಾರಿಲ್ಲ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ನುರಿತವರು ಕೇಳುವ ಮೊದಲೇ ತೋರಿಸುತ್ತಾರೆ.

ಹೆಜ್ಜೆ 6: ಚೌಕಾಸಿ ಎಲ್ಲಿ ಸರಿ, ಎಲ್ಲಿ ಬೇಡ

ದರ ಜಾಸ್ತಿ ಅನ್ನಿಸಿದರೆ ಕೇಳಲೇಬೇಕು. ನ್ಯಾಯ ಅಂದರೆ ಕೇಳಿದ್ದನ್ನೆಲ್ಲ ಕೊಡುವುದು ಅಂತಲ್ಲ. ದೊಡ್ಡ ಕೆಲಸಕ್ಕೆ ಇಬ್ಬರು ಮೂವರನ್ನು ಕೇಳಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಒಬ್ಬರು ಪುಟ್ಟಿ ಸೇರಿಸಿ ಹೇಳಿದ ದರವನ್ನು ಇನ್ನೊಬ್ಬರು ಪುಟ್ಟಿ ಬಿಟ್ಟು ಹೇಳಿದ ದರದ ಜೊತೆ ಹೋಲಿಸಿದರೆ ಮೊದಲಿನವರಿಗೆ ಅನ್ಯಾಯ. ಆ್ಯಪ್‌ನಲ್ಲಿ ಕಾಣುವ ದರದ ಜೊತೆ ಹೋಲಿಸುವಾಗಲೂ ಹುಷಾರು. ಅದರಲ್ಲಿ ಕಂಪನಿಯ ಪಾಲು ಹೋಗಿ ಉಳಿದದ್ದು ಕೆಲಸದವರಿಗೆ. ಅಲ್ಲಿನ ಅಗ್ಗದ ಆಫರ್ ತೋರಿಸಿ ಬೀದಿಯ ಪ್ಲಂಬರ್‌ಗೆ "ಇಷ್ಟಕ್ಕೇ ಮಾಡಿ" ಅನ್ನಬೇಡಿ.

ದುಡ್ಡು ಕಡಿಮೆ ಮಾಡಲು ಬೇರೆ ದಾರಿಗಳಿವೆ. ನಾಲ್ಕು ಸಣ್ಣ ಕೆಲಸ ಒಟ್ಟು ಮಾಡಿ ಒಂದೇ ಸಲ ಕರೆಯಿರಿ. ಬಣ್ಣಕ್ಕೆ ಮೊದಲು ರೂಮು ನೀವೇ ಖಾಲಿ ಮಾಡಿ. "ಅವಸರವಿಲ್ಲ, ನಿಮಗೆ ಬಿಡುವಿದ್ದಾಗ ಬನ್ನಿ" ಅನ್ನಿ. ಬಣ್ಣದವರಿಗೆ ದಸರಾ, ದೀಪಾವಳಿ ಮುಂಚೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಹೊತ್ತು ಬಿಟ್ಟು ಕರೆದರೆ ಅವರಿಗೂ ಖಾಲಿ ದಿನ ತುಂಬುತ್ತದೆ. ನೀವು ಕೇಳುವ ಮೊದಲೇ ಸ್ವಲ್ಪ ಬಿಟ್ಟುಕೊಡುತ್ತಾರೆ.

ಕೆಲಸ ಮುಗಿದ ಮೇಲೆ ಮಾತ್ರ ಚೌಕಾಸಿ ಬೇಡವೇ ಬೇಡ. ಪೈಪು ಗೋಡೆಯೊಳಗೆ ಹೋಗಿದೆ, ಅದನ್ನು ಅವರು ವಾಪಸ್ ತೆಗೆದುಕೊಂಡು ಹೋಗಲು ಆಗುವುದಿಲ್ಲ. ಆಗ ಕಡಿಮೆ ಮಾಡುವುದು ಕೈ ಕಟ್ಟಿ ಹಾಕಿ ಜೇಬಿಗೆ ಕೈ ಹಾಕಿದ ಹಾಗೆ.

ಹೆಜ್ಜೆ 7: ದುಡ್ಡು ಕೊಡುವ ಹೊತ್ತು

ಅರ್ಧ ದಿನದ ಕೆಲಸಕ್ಕೆ ಮುಂಗಡ ಬೇಕಿಲ್ಲ. ವಾರ ಹಿಡಿಯುವ ಕೆಲಸಕ್ಕೆ ಸಾಮಾನಿನ ದುಡ್ಡು ಮೊದಲು, ಕೂಲಿಯಲ್ಲಿ ಕಾಲು ಭಾಗ ಅಡ್ವಾನ್ಸ್, ಉಳಿದದ್ದು ಕೆಲಸ ಸಾಗಿದ ಹಾಗೆ. ಕೊನೆಯ ಸ್ವಲ್ಪ ಭಾಗವನ್ನು ನೀರು ಬಿಟ್ಟು, ಸ್ವಿಚ್ ಹಾಕಿ ನೋಡುವವರೆಗೆ ಇಟ್ಟುಕೊಳ್ಳಿ. ಇದು ಎಲ್ಲರಿಗೂ ಒಪ್ಪಿಗೆಯಾಗುವ ಕ್ರಮ.

ನೋಡಿದ ಮೇಲೆ ಅವತ್ತೇ, ಅವರು ಕೈ ತೊಳೆದುಕೊಂಡು ಸಾಮಾನು ಚೀಲಕ್ಕೆ ತುಂಬುವಾಗಲೇ ಕೊಡಿ. "ಯಜಮಾನ್ರು ಬರಲಿ", "ನಾಳೆ ಬನ್ನಿ", "ಎಟಿಎಂಗೆ ಹೋಗಿಲ್ಲ" ಇವು ಬೇಡ. ಬಾಕಿ 500 ರೂಪಾಯಿಗೆ ಇನ್ನೊಂದು ಸಲ ಬಂದರೆ ಆ ದಿನದ ಒಂದು ಕೆಲಸ ಹೋಯಿತು. ಶನಿವಾರದ ಬಟವಾಡೆ ತಪ್ಪಿದರೆ ಅವರ ಭಾನುವಾರದ ಸಂತೆ ಹೇಗೆ? ಜೊತೆಗೆ ಬಂದ ಹೆಲ್ಪರ್ ಎದುರಿಗೇ "ಇದರಲ್ಲಿ ಹೆಲ್ಪರ್‌ದೂ ಸೇರಿದೆ ಅಲ್ವಾ ಅಣ್ಣ" ಅಂತ ಒಂದು ಮಾತು ಹೇಳಿ ಕೊಡಿ. ಆ ಹುಡುಗನಿಗೂ ಗೊತ್ತಾಗುತ್ತದೆ.

ಕೆಲಸ ಹೇಳಿದ್ದಕ್ಕಿಂತ ಜಾಸ್ತಿ ಬಂದರೆ, ಅಂದರೆ ಗೋಡೆ ಒಡೆದಾಗ ಒಳಗಿನ ಪೈಪೆಲ್ಲ ತುಕ್ಕು ಹಿಡಿದಿತ್ತು ಅನ್ನಿ, ಅಲ್ಲೇ ನಿಲ್ಲಿಸಿ ಹೊಸ ದರ ಮಾತಾಡಿ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಅದರಲ್ಲೂ ಬೋರ್‌ವೆಲ್ ನೀರು ಹರಿದದ್ದು, ಒಳಗೆ ಉಪ್ಪು ಕಟ್ಟಿ ಬೆರಳೂ ತೂರದ ಹಾಗೆ ಆಗಿರುತ್ತದೆ. ಅದು ಮೊದಲೇ ಯಾರಿಗೂ ಕಾಣುವುದಿಲ್ಲ.

ಹೆಜ್ಜೆ 8: ಎಷ್ಟು ಕೊಟ್ಟರೂ ಸರಿಯಲ್ಲದ ಕೆಲಸ

ಶೌಚಾಲಯದ ಪಿಟ್, ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ, ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು ಅಪರಾಧ ಅನ್ನುತ್ತದೆ. ಅದಕ್ಕಿಂತ ಮೊದಲು, ಅದು ಸಾವಿನ ಗುಂಡಿ. ಒಳಗಿನ ಗಾಳಿ ಒಂದೆರಡು ಉಸಿರಿಗೇ ಮನುಷ್ಯನನ್ನು ಬೀಳಿಸುತ್ತದೆ. ಎತ್ತಲು ಇಳಿದವರೂ ಬೀಳುತ್ತಾರೆ. "ಎರಡು ಸಾವಿರ ಕೊಡಿ, ನಾನೇ ಇಳಿತೀನಿ" ಅಂತ ಅವರೇ ಹೇಳಿದರೂ ಬೇಡ ಅನ್ನಿ, ಸಕ್ಕಿಂಗ್ ಗಾಡಿ ಕರೆಸಿ. ಕುಡಿಯುವ ನೀರಿನ ಸಂಪ್ ತೊಳೆಯುವಾಗಲೂ ಮುಚ್ಚಳ ಗಂಟೆಗಟ್ಟಲೆ ತೆರೆದಿಡಿ, ಮೇಲೆ ನೋಡಿಕೊಳ್ಳಲು ಯಾರೂ ಇಲ್ಲದೆ ಒಬ್ಬರನ್ನೇ ಇಳಿಸಬೇಡಿ, ಪೆಟ್ರೋಲ್ ಪಂಪ್‌ಸೆಟ್ ಒಳಗಿಟ್ಟು ಓಡಿಸಲು ಬಿಡಬೇಡಿ.

ಎರಡನೇ ಮಹಡಿಯ ಹೊರಗೋಡೆಗೆ ಬಣ್ಣ ಹೊಡೆಯುವವರಿಗೆ ಬೆಲ್ಟು, ಹಗ್ಗ, ಗಟ್ಟಿ ಸಾರವೆ ಬೇಕು. ದರದಲ್ಲಿ ಅದರ ಖರ್ಚು ಸೇರಿದೆಯಾ ಅಂತ ನೀವೇ ಕೇಳಿ. ಸೇರಿಲ್ಲದಿದ್ದರೆ ಸೇರಿಸಿ.

ಇನ್ನು ನೀರು, ಟೀ, ಕೈಕಾಲು ತೊಳೆಯಲು ಜಾಗ, ಶೌಚಾಲಯ, ಊಟಕ್ಕೆ ನೆರಳು. ಇವು ಕೂಲಿಯ ಬದಲಿಗೆ ಕೊಡುವಂಥವಲ್ಲ. ಕೂಲಿಯ ಜೊತೆಗೆ ಇರಲೇಬೇಕಾದವು.

ಹೆಜ್ಜೆ 9: ಕೆಲಸ ಮುಗಿದ ಮೇಲೆ

ಅದೇ ಜಾಗದಲ್ಲಿ ತಿಂಗಳೊಳಗೆ ಮತ್ತೆ ಸೋರಿದರೆ ಬಂದು ಸರಿಮಾಡಬೇಕು ಅಂತ ಮೊದಲೇ ಮಾತಾಗಿರಲಿ. ಆಗ ಕೂಲಿ ಕೇಳುವುದು ಸರಿಯಲ್ಲ. ಬೇರೆ ಜಾಗದ ತೊಂದರೆಯನ್ನು "ನೀವೇ ಮಾಡಿದ್ದಲ್ವಾ" ಅಂತ ಬಿಟ್ಟಿ ಮಾಡಿಸಿಕೊಳ್ಳುವುದೂ ಸರಿಯಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್, ಬಡಗಿ, ಗಾರೆಯವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನ ತೋರಿಸುವುದೇ ಅವರಿಗೆ ಕಷ್ಟ, ಯಾಕೆಂದರೆ ಮನೆ ಮನೆ ಸುತ್ತುವವರಿಗೆ ಯಾರೂ ಏನೂ ಬರೆದುಕೊಡುವುದಿಲ್ಲ. "ಕಾರ್ಡ್ ಮಾಡಿಸಿದ್ದೀರಾ ಅಣ್ಣ?" ಅಂತ ಕೇಳಿ. ನಿಮ್ಮ ಮನೆಯಲ್ಲಿ ಮಾಡಿದ ದಿನ, ಕೆಲಸ, ಕೊಟ್ಟ ಕೂಲಿ ಬರೆದು ಸಹಿ ಹಾಕಿದ ಒಂದು ಚೀಟಿ ಕೊಡಿ. ಸಾಧ್ಯವಾದರೆ ಕೂಲಿಯನ್ನು ಫೋನ್‌ಪೇ, ಗೂಗಲ್‌ಪೇಯಲ್ಲಿ ಹಾಕಿ, ಅದೂ ಒಂದು ದಾಖಲೆ.

ಗೋಡೆ ಮುಚ್ಚುವ ಮೊದಲು, ಪೈಪು, ವೈರು ಕಾಣುತ್ತಿರುವಾಗಲೇ, ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಕಾಣುವಂತಿರಲಿ. ಒಂದು ಪ್ರಿಂಟ್ ಹಾಕಿಸಿ, ಹಿಂದೆ ತಾರೀಖು, ಮಾಡಿದವರ ಫೋನ್ ನಂಬರ್ ಬರೆದು, ಕರೆಂಟ್ ಬಿಲ್‌ಗಳ ಜೊತೆ ಇಡಿ. ನಮ್ಮ ಬಿಸಿನೀರಿನ ಲೈನಿನ ಫೋಟೋ ಈಗ ಅಲ್ಲೇ ಇದೆ. ಹೋದ ವರ್ಷ ಅದೇ ಗೋಡೆಗೆ ಟವೆಲ್ ಸ್ಟ್ಯಾಂಡ್ ಹಾಕಲು ಬಂದ ಹುಡುಗ ಆ ಫೋಟೋ ನೋಡಿ, ಡ್ರಿಲ್ಲಿಂಗ್ ಮೆಷಿನನ್ನು ನಾಲ್ಕು ಇಂಚು ಪಕ್ಕಕ್ಕೆ ಸರಿಸಿಕೊಂಡ.